ಹತ್ತು ಜನ, ಎರಡು ಬರ್ನರ್: ಗೆಳೆಯರೆಲ್ಲ ಸೇರಿ ಮುದ್ದೆ-ಬಸ್ಸಾರಿನ ರಾತ್ರಿಯೂಟ ಮಾಡುವ ಸಮಗ್ರ ಮಾರ್ಗದರ್ಶಿ

ಗೆಳೆಯರೆಲ್ಲ ಸೇರಿ ಮನೆಯಲ್ಲೇ ಅಡುಗೆ ಮಾಡಿ ಉಣ್ಣೋಣವೆಂದು ಗೊತ್ತುಮಾಡಿಕೊಂಡ ರಾತ್ರಿಗಳು ಹೆಚ್ಚಾಗಿ ಒಂದೇ ರೀತಿಯಲ್ಲಿ ಕೆಡುತ್ತವೆ. ಎಂಟೂವರೆಗೆ ಎಂದುಕೊಂಡ ಊಟ ಹತ್ತೂಮುಕ್ಕಾಲಾದರೂ ತಟ್ಟೆಗೆ ಬಂದಿರುವುದಿಲ್ಲ. ಪಲ್ಯಕ್ಕೆ ಒಗ್ಗರಣೆ ಬೀಳುವ ಹೊತ್ತಿಗೆ ಅನ್ನ ಆರಿರುತ್ತದೆ, ಸಾರಿಗೆ ಮೂರು ಜನ ಮೂರು ಸಲ ಉಪ್ಪು ಹಾಕಿರುತ್ತಾರೆ, ಮುದ್ದೆಯಲ್ಲಿ ಗಂಟು ಬಿದ್ದಿರುತ್ತದೆ, ಕೊನೆಗೆ ಯಾರಾದರೊಬ್ಬರು ಫೋನ್ ತೆಗೆದು ಹೊರಗಿನಿಂದ ಊಟ ತರಿಸುತ್ತಾರೆ. ಕೈರುಚಿ ಇಲ್ಲದವರಿಗೆ ಮಾತ್ರ ಹೀಗಾಗುತ್ತದೆಂದು ತಿಳಿಯಬೇಕಾಗಿಲ್ಲ. ಮನೆಯಲ್ಲಿ ದಿನವೂ ನಾಲ್ವರಿಗೆ ಸೊಗಸಾಗಿ ಅಡುಗೆ ಮಾಡುವವರೂ ಹತ್ತು ಜನರ ನಡುವೆ ನಿಂತಾಗ ದಾರಿ ತಪ್ಪುತ್ತಾರೆ. ಇಪ್ಪತ್ತು ಕೈಗಳಿದ್ದರೂ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಇರುವುದು ಎರಡೇ ಬರ್ನರ್, ಒಂದೇ ಕುಕ್ಕರ್, ಒಂದೇ ಮಿಕ್ಸಿ. ಕೆಲಸವನ್ನು ಜನರ ಲೆಕ್ಕದಲ್ಲಿ ಹಂಚಿದರೆ ಎಲ್ಲವೂ ಸ್ಟೌ ಮುಂದೆ ಬಂದು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಯಾವ ಬರ್ನರ್ ಮೇಲೆ ಎಷ್ಟು ಗಂಟೆಗೆ ಯಾವ ಪಾತ್ರೆ ಇರಬೇಕೆಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಜನರಿಗೆ ಕೆಲಸ ಹೇಳಬೇಕು.

ಈ ಬರಹ ಹತ್ತು ಜನರಿಗೆ ರಾಗಿ ಮುದ್ದೆ, ಅಲಸಂದೆ ಕಾಳು ಮತ್ತು ದಂಟಿನ ಸೊಪ್ಪಿನ ಬಸ್ಸಾರು, ಅದರದ್ದೇ ಪಲ್ಯ, ಹೆಸರುಬೇಳೆ ಕೋಸಂಬರಿ, ಅನ್ನ ಮತ್ತು ಮಜ್ಜಿಗೆ ಮಾಡುವ ಕ್ರಮವನ್ನು ವಿವರಿಸುತ್ತದೆ. ಊಟದ ಹೊತ್ತು ರಾತ್ರಿ 8:30 ಎಂದು ಇಟ್ಟುಕೊಳ್ಳಲಾಗಿದೆ.

## ಹಂತ 1: ಏನು ಮಾಡಬೇಕು, ಏನು ಮಾಡಬಾರದು

ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬೇಯಿಸಬೇಕಾದ ತಿನಿಸನ್ನು ಗುಂಪಿನ ಊಟಕ್ಕೆ ಆರಿಸಬಾರದು. ದೋಸೆ, ಪೂರಿ, ಚಪಾತಿ, ಅಕ್ಕಿರೊಟ್ಟಿ ಇವೆಲ್ಲ ಈ ಸಾಲಿಗೆ ಸೇರಿದವು. ಹತ್ತು ಜನರಿಗೆ ತಲಾ ಮೂರು ಚಪಾತಿ ಎಂದರೆ ಒಬ್ಬರು ಸಂಜೆಯಿಡೀ ಕಾವಲಿಯ ಮುಂದೆ ನಿಂತು, ಉಳಿದವರ ಮಾತು ಕೇಳಿಸಿಕೊಂಡು, ಕೊನೆಯಲ್ಲಿ ಒಬ್ಬರೇ ಕುಳಿತು ಉಣ್ಣಬೇಕಾಗುತ್ತದೆ. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಆಗುವ ಅಡುಗೆಯೇ ಇಲ್ಲಿ ಸರಿ.

ಬಸ್ಸಾರನ್ನು ಆರಿಸಿದ್ದಕ್ಕೆ ಕಾರಣ ಸರಳವಾಗಿದೆ. ಕಾಳು ಮತ್ತು ಸೊಪ್ಪನ್ನು ಒಮ್ಮೆ ಬೇಯಿಸಿ ಬಸಿದರೆ ನೀರು ಸಾರಿಗಾಗುತ್ತದೆ, ಉಳಿದದ್ದು ಪಲ್ಯಕ್ಕಾಗುತ್ತದೆ. ಎರಡು ಪದಾರ್ಥಕ್ಕೆ ಬೇಯಿಸುವ ಕೆಲಸ ಒಂದೇ. ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಕಾಯಿ ತುರಿಯುವುದು ಮುಂತಾಗಿ ಅಡುಗೆ ಬಾರದವರೂ ನಡುಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸ ಇದರಲ್ಲಿ ಬೇಕಾದಷ್ಟಿದೆ. ಸಿಹಿಯನ್ನು ಮನೆಯಲ್ಲಿ ಮಾಡುವ ಉತ್ಸಾಹವನ್ನು ಮೊದಲ ಸಲ ಬಿಟ್ಟುಬಿಡಿ. ಬರುವವರಲ್ಲಿ ಒಬ್ಬರು ಬಾಳೆಹಣ್ಣನ್ನೋ ಬೇಕರಿಯ ಸಿಹಿಯನ್ನೋ ತಂದರೆ ಸಾಕು.

ಪಟ್ಟಿ ಬರೆಯುವ ಮೊದಲು ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳಲೇಬೇಕು: ನೀವು ಏನು ತಿನ್ನುವುದಿಲ್ಲ? ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು, ಶೇಂಗಾ ಆಗದವರು, ಸಂಕಷ್ಟಿಯ ದಿನ ಚಂದ್ರೋದಯದ ತನಕ ಉಪವಾಸ ಇರುವವರು ಗುಂಪಿನಲ್ಲಿ ಇರಬಹುದು. ಈರುಳ್ಳಿ ತಿನ್ನದವರಿದ್ದರೆ ಮಸಾಲೆ ಬೀಳುವ ಮೊದಲೇ ಅವರ ಪಾಲಿನ ಬಸಿದ ನೀರನ್ನೂ ಕಾಳನ್ನೂ ತೆಗೆದಿರಿಸಿ, ಮೆಣಸು, ಜೀರಿಗೆ, ಕಾಯಿ ಹಾಕಿ ಬೇರೆ ಮಾಡಬಹುದು. ಈ ಮಾತು ಸಾರು ಕುದಿಯುವಾಗ ತಿಳಿದರೆ ಪ್ರಯೋಜನವಿಲ್ಲ.

## ಹಂತ 2: ಸಾಮಾನು ಮತ್ತು ಪಾತ್ರೆಗಳ ಪಟ್ಟಿ

ಹತ್ತು ಜನರಿಗೆ ಬೇಕಾದ ಅಳತೆ ಹೀಗಿದೆ:

- ಅಲಸಂದೆ ಕಾಳು 500 ಗ್ರಾಂ, ದಂಟಿನ ಸೊಪ್ಪು ಮಧ್ಯಮ ಗಾತ್ರದ 6 ಕಟ್ಟು
- ರಾಗಿ ಹಿಟ್ಟು 1 ಕಿಲೋ (ಬಳಸುವುದು ಸುಮಾರು 900 ಗ್ರಾಂ), ಅಕ್ಕಿ 700 ಗ್ರಾಂ
- ಹೆಸರುಬೇಳೆ 200 ಗ್ರಾಂ, ಸೌತೆಕಾಯಿ 3, ನಿಂಬೆಹಣ್ಣು 3
- ತೆಂಗಿನಕಾಯಿ 2, ಈರುಳ್ಳಿ 1 ಕಿಲೋ, ಬೆಳ್ಳುಳ್ಳಿ 3 ಗೆಡ್ಡೆ
- ಹುಣಸೆಹಣ್ಣು ಎರಡು ನಿಂಬೆ ಗಾತ್ರ, ಸಾರಿನ ಪುಡಿ 5–6 ಚಮಚ, ಒಣಮೆಣಸಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಮೆಣಸು, ಸಾಸಿವೆ, ಇಂಗು
- ಕೊತ್ತಂಬರಿ ಸೊಪ್ಪು, ಕರಿಬೇವು, ಮೊಸರು 1 ಲೀಟರ್, ಎಣ್ಣೆ, ತುಪ್ಪ, ಉಪ್ಪು

ಸಾಮಾನಿಗಿಂತ ಪಾತ್ರೆಗಳಲ್ಲೇ ಕೊರತೆ ಬರುವುದು ಹೆಚ್ಚು. 5 ಲೀಟರಿನ ಕುಕ್ಕರ್, ಸೊಪ್ಪು ಬೇಯಿಸಿ ಆಮೇಲೆ ಸಾರು ಕುದಿಸಲು 6 ಲೀಟರಿನ ಪಾತ್ರೆ, ಬಸಿಯಲು ದೊಡ್ಡ ತೂತಿನ ಬುಟ್ಟಿ, ಅದರ ಕೆಳಗಿಡಲು ಇನ್ನೊಂದು ಪಾತ್ರೆ, ಪಲ್ಯಕ್ಕೆ ಬಾಣಲೆ, ಮುದ್ದೆಗೆ ದಪ್ಪ ತಳದ 4–5 ಲೀಟರಿನ ಎರಡು ಪಾತ್ರೆ, ಮುದ್ದೆ ಕೋಲು, ಇಕ್ಕಳ, ತುರಿಮಣೆ, ಎರಡು ಚಾಕು ಮತ್ತು ಬಿಸಿ ಕಾಯುವ ಹಾಟ್‌ಬಾಕ್ಸ್ ಇರಬೇಕು. ಯಾರ ಮನೆಯಿಂದ ಯಾವುದು ಬರುತ್ತದೆಂದು ಹಿಂದಿನ ದಿನವೇ ಹೆಸರು ಹಿಡಿದು ಬರೆದುಕೊಳ್ಳಿ. ಮುದ್ದೆ ಕೋಲಿನ ಬದಲಿಗೆ ಲಟ್ಟಣಿಗೆ ಸಾಕಾಗುವುದಿಲ್ಲ: ಅದು ಗಿಡ್ಡ, ಕೈ ಆವಿಗೆ ಸಿಗುತ್ತದೆ.

ಸಿಲಿಂಡರನ್ನು ಬೆಳಿಗ್ಗೆಯೇ ನೋಡಬೇಕು. ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈ ಒರೆಸಿದರೆ ಒಳಗೆ ದ್ರವರೂಪದ ಅನಿಲ ಇರುವಷ್ಟು ಭಾಗ ನಿಧಾನವಾಗಿ ಒಣಗುತ್ತದೆ, ಖಾಲಿಯಾದ ಮೇಲ್ಭಾಗ ಬೇಗ ಒಣಗುತ್ತದೆ. ಒದ್ದೆಯ ಗೆರೆ ತಳಕ್ಕೆ ಹತ್ತಿರವಿದ್ದರೆ ಇನ್ನೊಂದು ಸಿಲಿಂಡರ್ ಸಿದ್ಧವಿರಲಿ.

ಮೂರನೆಯ ಉರಿಗೆಂದು ಇಂಡಕ್ಷನ್ ಸ್ಟೌ ತರುವವರಿದ್ದಾರೆ. ಅದು ಅನುಕೂಲವೇ. ಆದರೆ 2,000 ವ್ಯಾಟಿನ ಇಂಡಕ್ಷನ್ ಸುಮಾರು 9 ಆಂಪಿಯರ್ ಎಳೆಯುವುದರಿಂದ 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಅದನ್ನು ಹಾಕಬೇಕು. ಫೋನ್ ಚಾರ್ಜ್ ಮಾಡುವ ಸಾಮಾನ್ಯ ಎಕ್ಸ್‌ಟೆನ್ಷನ್ ವೈರಿಗೆ ಹಾಕಿದರೆ ವೈರು ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಕು.

## ಹಂತ 3: ಬೆಳಿಗ್ಗೆಯೇ ಮುಗಿಯಬೇಕಾದದ್ದು

ಯಾರ ಮನೆಯಲ್ಲಿ ಅಡುಗೆಯೋ ಅವರು ಬೆಳಿಗ್ಗೆ 10 ಗಂಟೆಯೊಳಗೆ ಅಲಸಂದೆ ಕಾಳನ್ನು ತೊಳೆದು, ಮೂರು ಪಟ್ಟು ನೀರಿನಲ್ಲಿ ನೆನೆಹಾಕಬೇಕು. ಎಂಟು ಗಂಟೆ ನೆನೆದ ಕಾಳು ಎರಡು ವಿಷಲಿಗೆ ಬೇಯುತ್ತದೆ. ನೆನೆಹಾಕುವುದನ್ನು ಮರೆತಿದ್ದರೆ ಸಂಜೆ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಏನೋ ಮಾಡಬಹುದೆಂಬ ಆಸೆ ಬೇಡ, ಕೆಲವು ಕಾಳು ಒಡೆದು ಕೆಲವು ಗಟ್ಟಿಯಾಗಿಯೇ ಉಳಿಯುತ್ತವೆ. ಅಂತಹ ದಿನ ಅಲಸಂದೆಯನ್ನು ಬಿಟ್ಟು ನೆನೆಹಾಕದೆಯೂ ಬೇಯುವ ತೊಗರಿಬೇಳೆಗೆ ಬದಲಾಯಿಸುವುದೇ ಜಾಣತನ. ಬೇಳೆಯನ್ನು ಕುಕ್ಕರಿಗೆ ಹಾಕದೆ ತೆರೆದ ಪಾತ್ರೆಯಲ್ಲಿ, ಕಾಳು ಕಾಳಾಗಿ ಉಳಿಯುವಂತೆ ಬೇಯಿಸಬೇಕು.

ಹೆಸರುಬೇಳೆಗೆ ಒಂದು ಗಂಟೆ ನೆನೆದರೆ ಸಾಕು, ಅದನ್ನು ಸಂಜೆ ಹಾಕಿದರಾಯಿತು. ಮೊಸರು ಫ್ರಿಜ್ಜಿನಲ್ಲಿರಲಿ.

## ಹಂತ 4: ಹೊಣೆ ಹಂಚುವುದು

ಅಡುಗೆಕೋಣೆಯೊಳಗೆ ಒಂದು ಹೊತ್ತಿಗೆ ನಾಲ್ವರಿಗಿಂತ ಹೆಚ್ಚು ಜನ ಇರಬಾರದು. ಕುದಿಯುವ ಪಾತ್ರೆ ಹಿಡಿದು ತಿರುಗುವವರಿಗೆ ಹಿಂದೆ ನಿಂತವರು ಕಾಣುವುದಿಲ್ಲ. ಸುಟ್ಟುಕೊಳ್ಳುವ ಅವಘಡಗಳು ನಡೆಯುವುದು ಆಗಲೇ. ಬಿಸಿ ಪಾತ್ರೆ ಎತ್ತುವವರು “ಬಿಸಿ, ಬಿಸಿ” ಎಂದು ಕೂಗಿಯೇ ಹೆಜ್ಜೆ ಇಡಬೇಕೆಂಬ ನಿಯಮವನ್ನು ಮೊದಲೇ ಹೇಳಿ. ಮದುವೆ ಮನೆಯ ಬಡಿಸುವವರು ಹಾಗೆ ಕೂಗುವುದು ಸುಮ್ಮನೆ ಅಲ್ಲ.

ಮೂರು ಹೊಣೆಗಳಿಗೆ ಹೆಸರು ಇರಲೇಬೇಕು. ಮೊದಲನೆಯದು ಸ್ಟೌ: ಯಾವ ಪಾತ್ರೆ ಯಾವಾಗ ಏರಬೇಕು, ಇಳಿಯಬೇಕು ಎಂಬ ಮಾತು ಒಬ್ಬರದೇ ಆಗಿರಬೇಕು. ಎರಡನೆಯದು ಉಪ್ಪು. ಸಾರು, ಪಲ್ಯ, ಕೋಸಂಬರಿ, ಮಜ್ಜಿಗೆ ಎಲ್ಲಕ್ಕೂ ಒಬ್ಬರೇ ಉಪ್ಪು ಹಾಕಬೇಕು, ಉಳಿದವರು ರುಚಿ ನೋಡಿ ಹೇಳಬಹುದೇ ಹೊರತು ಉಪ್ಪಿನ ಡಬ್ಬಿ ಮುಟ್ಟಬಾರದು. ಮೂರನೆಯದು ತೊಳೆಯುವುದು. ಇದನ್ನು ಕೊನೆಗೆ ಬಿಡುವ ಮನೆಗಳಲ್ಲಿ ಏಳೂವರೆಯ ಹೊತ್ತಿಗೆ ಸಿಂಕ್ ತುಂಬಿ, ಅನ್ನಕ್ಕೆ ಬೇಕಾದ ಕುಕ್ಕರ್ ಅದರ ತಳದಲ್ಲಿ ಇರುತ್ತದೆ. ಇಬ್ಬರು ಸರದಿಯ ಮೇಲೆ ಸಿಂಕಿನ ಬಳಿ ನಿಂತರೆ ಈ ತೊಂದರೆ ತಪ್ಪುತ್ತದೆ.

ಉಳಿದವರೆಲ್ಲ ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಕುಳಿತುಕೊಳ್ಳಲಿ. ಈಳಿಗೆ ಮಣೆಯಲ್ಲಿ ಹೆಚ್ಚಿ ರೂಢಿಯಿಲ್ಲದವರು ಆ ದಿನ ಕಲಿಯಲು ಹೋಗಬಾರದು, ಅವರ ಕೈಗೆ ಬೆಳ್ಳುಳ್ಳಿ ಕೊಡಿ.

## ಹಂತ 5: ಬರ್ನರ್‌ಗಳ ವೇಳಾಪಟ್ಟಿ

ಇದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

- 6:00 – ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ, ಕಾಯಿಯ ಕೆಲಸ ಶುರು, ಹೆಸರುಬೇಳೆ ನೆನೆಹಾಕುವುದು. ಸ್ಟೌ ಹಚ್ಚುವಂತಿಲ್ಲ.
- 6:20 – ದೊಡ್ಡ ಬರ್ನರ್: ಕುಕ್ಕರಿನಲ್ಲಿ ಕಾಳು. ಸಣ್ಣ ಬರ್ನರ್: ಮಸಾಲೆ ಹುರಿಯುವುದು, ಅದಾದ ಮೇಲೆ ಸೊಪ್ಪಿಗೆ ನೀರು.
- 6:50 – ಸೊಪ್ಪನ್ನೂ ಕಾಳನ್ನೂ ಸೇರಿಸಿ ಕುದಿಸುವುದು, ಬಸಿಯುವುದು. ಕುಕ್ಕರ್ ತೊಳೆಯುವುದು. ಮಸಾಲೆ ರುಬ್ಬುವುದು.
- 7:10 – ದೊಡ್ಡ ಬರ್ನರ್: ಸಾರು. ಸಣ್ಣ ಬರ್ನರ್: ಪಲ್ಯದ ಒಗ್ಗರಣೆ.
- 7:25 – ಸಣ್ಣ ಬರ್ನರ್: ಅನ್ನದ ಕುಕ್ಕರ್.
- 7:40 – ಸಾರು ಇಳಿಸುವುದು. ದೊಡ್ಡ ಬರ್ನರ್: ಮೊದಲ ಮುದ್ದೆಯ ನೀರು.
- 7:50 – ಅನ್ನದ ಕುಕ್ಕರ್ ಇಳಿದಿರಬೇಕು. ಸಣ್ಣ ಬರ್ನರ್: ಎರಡನೆಯ ಮುದ್ದೆಯ ನೀರು.
- 8:10 – ಮೊದಲ ಮುದ್ದೆ ಮುಗಿದ ಕೂಡಲೇ ಆ ಬರ್ನರ್ ಮೇಲೆ ಸಾರನ್ನು ಮತ್ತೆ ಬಿಸಿಗಿಡುವುದು. ತಟ್ಟೆ ಹಾಕುವುದು.
- 8:30 – ಊಟ.

ಬಿಸಿ ಉಳಿಸಿಕೊಳ್ಳುವ ಪದಾರ್ಥ ಮೊದಲು, ಉಳಿಸಿಕೊಳ್ಳದ್ದು ಕೊನೆಗೆ ಎಂಬ ಲೆಕ್ಕದ ಮೇಲೆ ಈ ಪಟ್ಟಿ ನಿಂತಿದೆ. ಮುಚ್ಚಿದ ಕುಕ್ಕರಿನ ಅನ್ನ ಮುಕ್ಕಾಲು ಗಂಟೆ ಬಿಸಿಯಾಗಿಯೇ ಇರುತ್ತದೆ, ಸಾರು ನಿಂತಷ್ಟೂ ಮಸಾಲೆ ಹಿಡಿಯುತ್ತದೆ, ಪಲ್ಯ ಸ್ವಲ್ಪ ಆರಿದರೂ ನಡೆಯುತ್ತದೆ. ಮುದ್ದೆ ಮಾತ್ರ ಕಾಯುವುದಿಲ್ಲ. ಆರಿದ ಮುದ್ದೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯದು. “ಮೊದಲು ಕಷ್ಟದ ಕೆಲಸ ಮುಗಿಸಿಬಿಡೋಣ” ಎಂದು ಏಳು ಗಂಟೆಗೇ ಮುದ್ದೆಗೆ ಕೈ ಹಾಕುವುದು ಗುಂಪಿನ ಅಡುಗೆಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

7:10ಕ್ಕೆ ಸಾರು ಸ್ಟೌ ಮೇಲೆ ಇಲ್ಲವೆಂದರೆ ನೀವು ಹಿಂದೆ ಬಿದ್ದಿದ್ದೀರಿ. ಆಗ ಮಾಡಬೇಕಾದದ್ದು ಓಡಾಟ ಹೆಚ್ಚಿಸುವುದಲ್ಲ, ಒಂದು ಪದಾರ್ಥ ಕೈಬಿಡುವುದು. ಅನ್ನವನ್ನು ಬಿಟ್ಟು ಮುದ್ದೆಯ ಹಿಟ್ಟನ್ನು ಒಂದು ಲೋಟ ಹೆಚ್ಚಿಸಿದರೆ ಹೊಟ್ಟೆ ತುಂಬುತ್ತದೆ.

## ಹಂತ 6: ಬಸ್ಸಾರು ಮತ್ತು ಪಲ್ಯ

ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕು. ಬೇರು ಕತ್ತರಿಸಿ, ದಪ್ಪ ದಂಟಿನ ನಾರು ತೆಗೆದು, ದೊಡ್ಡ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಅಲುಗಾಡಿಸಿ, ಸೊಪ್ಪನ್ನು ಕೈಯಿಂದ ಮೇಲಕ್ಕೆ ಎತ್ತಿ ತೆಗೆಯಬೇಕು. ಸೊಪ್ಪು ಒಳಗಿರುವಾಗಲೇ ಬಕೆಟ್ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕಿಳಿದ ಮರಳು ಮತ್ತೆ ಸೊಪ್ಪಿನ ಮೇಲೆಯೇ ಕೂರುತ್ತದೆ. ಬಕೆಟ್ಟಿನ ತಳದಲ್ಲಿ ಮರಳು ಕಾಣದಾಗುವ ತನಕ, ಸಾಮಾನ್ಯವಾಗಿ ಮೂರು ಸಲ, ನೀರು ಬದಲಿಸಿ.

ನೆನೆದ ಕಾಳಿಗೆ ಒಂದೂಕಾಲು ಲೀಟರ್ ನೀರು ಹಾಕಿ ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿ. ಕಾಳು-ಬೇಳೆ ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ನೊರೆ ಉಕ್ಕಿ ವಿಷಲಿನ ದಾರಿಗೆ ಸಿಕ್ಕಿಕೊಳ್ಳುತ್ತದೆ. ಉರಿ ಚೆನ್ನಾಗಿದ್ದು ಹತ್ತು ಹನ್ನೆರಡು ನಿಮಿಷವಾದರೂ ವಿಷಲ್ ಬರದೆ ಪಕ್ಕದಿಂದ ಆವಿ ಹೋಗುತ್ತಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಉರಿ ಆರಿಸಿ, ಒತ್ತಡ ಪೂರ್ತಿ ಇಳಿದ ಮೇಲೆ ತೆರೆದು ನೋಡಬೇಕು. ಹೊತ್ತಾಯಿತೆಂದು ವಿಷಲನ್ನು ಚಮಚದಿಂದ ಎತ್ತುವುದು ಅಪಾಯ.

ಇನ್ನೊಂದು ಪಾತ್ರೆಯಲ್ಲಿ 2 ಲೀಟರ್ ನೀರು ಕುದಿಸಿ, ಹೆಚ್ಚಿದ ಸೊಪ್ಪು ಮತ್ತು ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ, ಬೆಂದ ಕಾಳನ್ನು ಅದರ ನೀರಿನ ಸಮೇತ ಇದಕ್ಕೆ ಸೇರಿಸಿ ಮತ್ತೆ ಮೂರು ನಿಮಿಷ ಕುದಿಸಿ. ಕಾಳು ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಆದರೆ ಆಕಾರ ಕಳೆದುಕೊಂಡಿರಬಾರದು. ಈ ಹಂತದಲ್ಲಿ ಹುಣಸೆಹಣ್ಣು ತಾಗಕೂಡದು. ಹುಳಿ ಬಿದ್ದ ಮೇಲೆ ಅರೆಬೆಂದ ಕಾಳು ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ.

ಈಗ ಬಸಿಯುವುದು. ತೂತಿನ ಬುಟ್ಟಿಯ ಕೆಳಗೆ ಪಾತ್ರೆ ಇದೆಯೇ ಎಂದು ನೋಡಿಯೇ ಸುರಿಯಿರಿ. ಅನ್ನ ಬಸಿದು, ನೂಡಲ್ಸ್ ಬಸಿದು ರೂಢಿಯಾದ ಕೈ ನೇರವಾಗಿ ಸಿಂಕಿಗೆ ಹೋಗುತ್ತದೆ, ಒಂದು ಕ್ಷಣದಲ್ಲಿ ಮೂರು ಲೀಟರ್ ಸಾರು ಮೋರಿಯ ಪಾಲಾಗುತ್ತದೆ. ಅಡುಗೆ ಗೊತ್ತಿಲ್ಲದವರಿಂದಷ್ಟೇ ಅಲ್ಲ, ಬಸ್ಸಾರಿನ ಊರಿನವರಲ್ಲದವರಿಂದಲೂ ಈ ಅನಾಹುತ ಆಗುತ್ತದೆ. ಬಸಿಯುವ ಮೊದಲು “ನೀರು ಬೇಕು” ಎಂದು ಗಟ್ಟಿಯಾಗಿ ಹೇಳಿ.

ಮಸಾಲೆಗೆ ಸ್ವಲ್ಪ ಎಣ್ಣೆಯಲ್ಲಿ ಹೆಚ್ಚಿದ ಈರುಳ್ಳಿ ಎರಡು, ಒಂದೂವರೆ ಗೆಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು ಹುರಿಯಿರಿ. ಈರುಳ್ಳಿಯ ಅಂಚು ಕೆಂಪಾದಾಗ ಉರಿ ಆರಿಸಿ, ಆ ಬಿಸಿಯಲ್ಲೇ ಸಾರಿನ ಪುಡಿ ಬೆರೆಸಿ. ಉರಿಯ ಮೇಲೆ ಹಾಕಿದರೆ ಪುಡಿ ಸೀದು ಸಾರು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಒಂದು ಕಾಯಿಯ ತುರಿ, ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು ಮತ್ತು ಬಸಿದಿಟ್ಟ ಕಾಳು-ಸೊಪ್ಪಿನಲ್ಲಿ ಎರಡು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಬಿಸಿ ಮಸಾಲೆಯನ್ನು ಮಿಕ್ಸಿಗೆ ಹಾಕಿದರೆ ಆವಿ ಮುಚ್ಚಳವನ್ನು ಎತ್ತಿ ಎಸೆಯುತ್ತದೆ, ಖಾರ ಕಣ್ಣಿಗೆ ಬೀಳುತ್ತದೆ.

ರುಬ್ಬಿದ್ದನ್ನು ಬಸಿದ ನೀರಿಗೆ ಬೆರೆಸಿ, ಹಸಿ ವಾಸನೆ ಹೋಗುವ ತನಕ ಹದಿನೈದು ನಿಮಿಷ ಕುದಿಸಿ. ಮೇಲೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಬೀಳಲಿ. ಸೊಪ್ಪು ಬೇಯಿಸುವಾಗ ಹಾಕಿದ ಉಪ್ಪು ಸಾರಿನಲ್ಲೂ ಪಲ್ಯದಲ್ಲೂ ಈಗಾಗಲೇ ಇದೆಯೆಂಬುದನ್ನು ಉಪ್ಪಿನ ಹೊಣೆ ಹೊತ್ತವರು ಮರೆಯಬಾರದು. ಸಾರು ತೀರ ನೀರಾಗಿ ಕಂಡರೆ ಇನ್ನೊಂದು ಸೌಟು ಕಾಳು ರುಬ್ಬಿ ಹಾಕಿ. ಉಪ್ಪು ಹೆಚ್ಚಾದರೆ ಬಿಸಿನೀರು ಮತ್ತು ಉಪ್ಪಿಲ್ಲದ ಕಾಯಿತುರಿಯನ್ನು ರುಬ್ಬಿ ಸೇರಿಸುವುದೇ ದಾರಿ. ಆಲೂಗಡ್ಡೆ ಹಾಕಿ ಉಪ್ಪು ಹೀರಿಸುವ ಉಪಾಯವನ್ನು ನಂಬಿ ಕೂರಬೇಡಿ.

ಪಲ್ಯದ ಕೆಲಸ ಚಿಕ್ಕದು. ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಿ, ಉಳಿದ ಕಾಳು-ಸೊಪ್ಪು ಬೆರೆಸಿ ನೀರು ಆರುವ ತನಕ ಕೈಯಾಡಿಸಿ, ಕಾಯಿತುರಿ ಉದುರಿಸಿದರೆ ಆಯಿತು.

## ಹಂತ 7: ಅನ್ನ, ಕೋಸಂಬರಿ, ಮಜ್ಜಿಗೆ

ಅಕ್ಕಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತೊಳೆದು, ಎರಡು ಪಟ್ಟು ನೀರಿಟ್ಟು, ಮನೆಯವರು ಆ ಅಕ್ಕಿಗೆ ದಿನವೂ ಕೂಗಿಸುವಷ್ಟೇ ವಿಷಲ್ ಕೂಗಿಸಿ. ಈ ಲೆಕ್ಕವನ್ನು ಅತಿಥಿಗಳು ತಿದ್ದಲು ಹೋಗದಿರುವುದು ಒಳ್ಳೆಯದು.

ಕೋಸಂಬರಿಗೆ ನೆನೆದ ಬೇಳೆಯನ್ನು ಚೆನ್ನಾಗಿ ಬಸಿದು, ಹೆಚ್ಚಿದ ಸೌತೆಕಾಯಿ, ಕಾಯಿತುರಿ, ಹಸಿಮೆಣಸಿನಕಾಯಿ ಸೇರಿಸಿ, ಸಾಸಿವೆ-ಇಂಗಿನ ಒಗ್ಗರಣೆ ಕೊಟ್ಟು ಇಡಿ. ಉಪ್ಪು ಮತ್ತು ನಿಂಬೆರಸ ಬಡಿಸುವ ಐದು ನಿಮಿಷ ಮೊದಲು ಬೀಳಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು, ತಟ್ಟೆಯಲ್ಲಿ ಆ ನೀರು ಹರಿದು ಪಲ್ಯವನ್ನೂ ಕೆಡಿಸುತ್ತದೆ. ಮಜ್ಜಿಗೆ ಕಡೆಯಲು ಸೌಟು ಹಿಡಿಯದ ಯಾರಾದರೂ ಆದೀತು.

## ಹಂತ 8: ಮುದ್ದೆ

ಗುಂಪಿನ ಊಟ ನಿಲ್ಲುವುದೂ ಬೀಳುವುದೂ ಇಲ್ಲೇ. 900 ಗ್ರಾಂ ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ತೊಳಸಲು ರೂಢಿಯಿಲ್ಲದ ತೋಳುಗಳಿಗೆ ಆಗುವುದಿಲ್ಲ, ಆದ್ದರಿಂದ ಎರಡು ಪಾಲು ಮಾಡಿ. ಅಳತೆ: ಅದೇ ಲೋಟದಲ್ಲಿ ಒಂದಕ್ಕೆ ಎರಡು, ಅಂದರೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಹಿಟ್ಟು ಹಳೆಯದಾಗಿದ್ದರೆ ಅಥವಾ ಒರಟಾಗಿದ್ದರೆ ನೀರು ತುಸು ಹೆಚ್ಚು ಬೇಡುತ್ತದೆ.

ಮೊದಲು ನೀರಿಗೆ ಚಿಟಿಕೆ ಉಪ್ಪು ಹಾಕಿ ಕುದಿಗಿಡಿ. ಎರಡು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನೀರು ಬಿಸಿಯಾಗುವಾಗಲೇ ಅದಕ್ಕೆ ಸುರಿದು, ತಳ ಹಿಡಿಯದಂತೆ ಕೈಯಾಡಿಸುತ್ತಾ ತೆಳುವಾದ ಗಂಜಿ ಮಾಡಿ. ಅದು ಮರಳಿ ಕುದಿದಾಗ ಒಂದು ಲೋಟ ಗಂಜಿಯನ್ನು ತೆಗೆದು ಪಕ್ಕಕ್ಕಿಡಿ. ಆಮೇಲೆ ಮುದ್ದೆ ಗಟ್ಟಿಯಾದರೆ ಸರಿಪಡಿಸುವುದು ಈ ಲೋಟದಿಂದಲೇ; ಇದನ್ನು ತೆಗೆದಿಡದವರು ಆತುರದಲ್ಲಿ ನಲ್ಲಿಯ ನೀರು ಸುರಿಯುತ್ತಾರೆ, ತಣ್ಣೀರು ಬಿದ್ದ ಜಾಗದಲ್ಲಿ ಹಿಟ್ಟು ಬೇಯದೆ ಉಳಿಯುತ್ತದೆ.

ಈಗ ಹಿಟ್ಟನ್ನು ಗಂಜಿಯ ನಡುವೆ ಗುಡ್ಡೆಯಾಗಿ ಸುರಿದು, ನಡುವೆ ಕೋಲು ಚುಚ್ಚಿ ನಿಲ್ಲಿಸಿ, ಉರಿ ಮಧ್ಯಮಕ್ಕಿಳಿಸಿ. ಕಲಕಬಾರದು. ಸುತ್ತಲಿನ ಗಂಜಿ ಕುದಿದು ಹಿಟ್ಟಿನ ಗುಡ್ಡೆಯ ಮೇಲೆ ಹತ್ತಬೇಕು, ಕೋಲಿನ ತೂತಿನಿಂದಲೂ ಗುಳ್ಳೆ ಬರಬೇಕು. ಇದಕ್ಕೆ ಆರರಿಂದ ಎಂಟು ನಿಮಿಷ ಬೇಕು. ಸುತ್ತ ಹತ್ತು ಜನ ನಿಂತು “ಇನ್ನೂ ತಿರುವಿಲ್ಲವೇ?” ಎಂದು ಕೇಳುವಾಗ ಈ ಎಂಟು ನಿಮಿಷ ಸುಮ್ಮನಿರುವುದೇ ಕಷ್ಟ, ಆದರೆ ಗಂಟು ಬೀಳುವುದಕ್ಕೆ ಮುಖ್ಯ ಕಾರಣ ಆತುರದಲ್ಲಿ ತಿರುವುವುದು. ಪಾತ್ರೆ ಉಕ್ಕುವಂತಾದರೆ ಉರಿ ತಗ್ಗಿಸಿ.

ನಂತರ ಪಾತ್ರೆಯನ್ನು ಸ್ಟೌನಿಂದ ಇಳಿಸಿ, ನೆಲದ ಮೇಲೆ ಒದ್ದೆ ಬಟ್ಟೆಯ ಸಿಂಬೆಯ ಮೇಲಿಡಿ. ಒಬ್ಬರು ಇಕ್ಕಳದಿಂದ ಎರಡೂ ಕಡೆ ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬರು ಎರಡು ಕೈಯಲ್ಲಿ ಕೋಲು ಹಿಡಿದು, ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ಸ್ಟೌ ಮೇಲೆಯೇ ಬಲವಾಗಿ ತಿರುವಿದರೆ ಪಾತ್ರೆ ಜಾರಿ ಕುದಿಯುವ ಗಂಜಿ ಕಾಲ ಮೇಲೆ ಬೀಳುವ ಸಾಧ್ಯತೆ ಇದೆ. ವಿದೇಶದಲ್ಲಿ ಗಾಜಿನ ಮೇಲ್ಮೈಯ ವಿದ್ಯುತ್ ಸ್ಟೌ ಇರುವ ಮನೆಗಳಲ್ಲಂತೂ ಪಾತ್ರೆಯನ್ನು ಇಳಿಸಿಯೇ ತೊಳಸಬೇಕು, ಇಲ್ಲವಾದರೆ ಗಾಜು ಬಿರಿಯಬಹುದು. ಅಲ್ಲಿ ದಂಟಿನ ಸೊಪ್ಪು ಸಿಗದಿದ್ದರೆ ಪಾಲಕ್ ಆಗುತ್ತದೆ, ಆದರೆ ಅದಕ್ಕೆ ಎರಡು ನಿಮಿಷದ ಬೇಯುವಿಕೆ ಸಾಕು.

ಎರಡು ಮೂರು ನಿಮಿಷದಲ್ಲಿ ಹಿಟ್ಟು ಒಂದೇ ಹದಕ್ಕೆ ಬಂದು ಪಾತ್ರೆಯ ಗೋಡೆ ಬಿಡಲು ಶುರುಮಾಡುತ್ತದೆ. ಒಳಗೆ ಬಿಳಿಚಿದ ಒಣ ಹಿಟ್ಟಿನ ಗಂಟು ಕಂಡರೆ ತೆಗೆದಿಟ್ಟ ಗಂಜಿಯನ್ನು ಮತ್ತೆ ಬಿಸಿಮಾಡಿ, ಎರಡೆರಡು ಚಮಚ ಹಾಕುತ್ತಾ ಗಂಟನ್ನು ಗೋಡೆಗೆ ಒತ್ತಿ ಒಡೆಯಿರಿ. ಹದ ಬಂದ ಮೇಲೆ ಮೇಲೊಂದಿಷ್ಟು ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಉಗಿಯಲ್ಲಿ ಬೇಯಿಸಿ, ಮತ್ತೊಮ್ಮೆ ಇಳಿಸಿ ತೊಳಸಿ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಅಂಟಿದರೆ, ಹಸಿ ಹಿಟ್ಟಿನ ವಾಸನೆ ಬಂದರೆ, ಇನ್ನೂ ಎರಡು ನಿಮಿಷ ಬೇಕು. ತೀರ ಮೆತ್ತಗಾಯಿತೆಂದು ಮೇಲೆ ಒಣ ಹಿಟ್ಟು ಉದುರಿಸಬೇಡಿ, ಸಣ್ಣ ಉರಿಯಲ್ಲಿ ನೀರಿನಂಶ ಆರಲು ಬಿಡಿ, ಎರಡನೆಯ ಪಾಲಿಗೆ ನೀರು ಕಡಿಮೆ ಮಾಡಿ.

ಕಟ್ಟುವ ಕೈಯನ್ನು ತಣ್ಣೀರಿಗೆ ಅದ್ದಿಕೊಂಡೇ ಮುಟ್ಟಬೇಕು. ರೂಢಿಯಿಲ್ಲದವರು ಬಟ್ಟಲಿಗೆ ತುಪ್ಪ ಸವರಿ, ಅದರಲ್ಲಿ ಒಂದು ಸೌಟು ಹಿಟ್ಟು ಹಾಕಿ ಬಟ್ಟಲನ್ನೇ ಗುಂಡಗೆ ಆಡಿಸಿದರೆ ಕೈ ಸುಡದೆ ಮುದ್ದೆ ಉರುಟಾಗುತ್ತದೆ. ಕಟ್ಟಿದ ಮುದ್ದೆಗಳು ನೇರವಾಗಿ ಹಾಟ್‌ಬಾಕ್ಸಿಗೆ ಹೋಗಲಿ.

## ಹಂತ 9: ಅಪಾಯದ ಸೂಚನೆಗಳು

ಸ್ಟೌ ಉರಿ ನೀಲಿ ಬಿಟ್ಟು ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗಾಳಿ ಸರಿಯಾಗಿ ಸೇರುತ್ತಿಲ್ಲ. ಸಾಮಾನ್ಯವಾಗಿ ಗಂಜಿ ಉಕ್ಕಿ ಬರ್ನರಿನ ತೂತು ಮುಚ್ಚಿರುತ್ತದೆ. ಆರಿಸಿ, ತಣಿದ ಮೇಲೆ ಸ್ವಚ್ಛ ಮಾಡಿ ಹಚ್ಚಿ. ಉಕ್ಕಿದ ಗಂಜಿ ಉರಿಯನ್ನೇ ನಂದಿಸಿ ಗ್ಯಾಸ್ ಹೊರಬರುತ್ತಿರುವುದೂ ಉಂಟು. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ ಎಲ್ಲರೂ ಹೊರಗೆ ಬರಬೇಕು. ಎಕ್ಸಾಸ್ಟ್ ಫ್ಯಾನ್ ಹಾಕುವುದೂ ತಪ್ಪು. ಅಡುಗೆ ಅನಿಲ ಸೋರಿಕೆಯ ತುರ್ತು ಸಹಾಯವಾಣಿ 1906. ಕರೆಯನ್ನು ಮನೆಯ ಹೊರಗಿನಿಂದಲೇ ಮಾಡಿ.

ಒಗ್ಗರಣೆಯ ಎಣ್ಣೆ ಹೊತ್ತಿಕೊಂಡರೆ ಉರಿ ಆರಿಸಿ ಮುಚ್ಚಳ ಮುಚ್ಚಿ. ನೀರು ಹಾಕಬಾರದು. ಕೈ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ತುಪ್ಪ, ಐಸು ಯಾವುದೂ ಬೇಡ. ಅಂಗೈಯಷ್ಟು ಅಗಲ ಸುಟ್ಟಿದ್ದರೆ ಊಟ ಬಿಟ್ಟು ಆಸ್ಪತ್ರೆಗೆ ಹೊರಡಿ.

## ಹಂತ 10: ಬಡಿಸುವುದು, ಉಳಿದದ್ದನ್ನು ಎತ್ತಿಡುವುದು

ಕೋಸಂಬರಿ, ಪಲ್ಯ, ತುಪ್ಪದ ಬಟ್ಟಲು ಮೊದಲು ಬರಲಿ, ಎಲ್ಲರೂ ಕುಳಿತ ಮೇಲೆ ಮುದ್ದೆ ಮತ್ತು ಕುದಿಬಿಸಿ ಸಾರು. ತೊಳಸಿದವರು, ತೊಳೆದವರು ಸೇರಿದಂತೆ ಹತ್ತೂ ಜನ ಒಂದೇ ಪಂಕ್ತಿಯಲ್ಲಿ ಕೂರಬೇಕು. ಎರಡನೆಯ ಸುತ್ತಿನ ಅನ್ನ-ಸಾರನ್ನು ನಡುವೆ ಇಟ್ಟರೆ ಯಾರೂ ಬಡಿಸುತ್ತಾ ನಿಲ್ಲಬೇಕಾಗಿಲ್ಲ. ಮುದ್ದೆ ಉಂಡು ರೂಢಿಯಿಲ್ಲದ ಗೆಳೆಯರಿದ್ದರೆ ಸಣ್ಣ ತುಂಡು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕೆಂದು ಮೊದಲೇ ಹೇಳಿ. ಮೊದಲ ಸಲ ಅರ್ಧ ಮುದ್ದೆ ಸಾಕು, ಉಳಿದದ್ದಕ್ಕೆ ಅನ್ನವಿದೆ.

ಊಟಕ್ಕೆ ಕೂರುವ ಮೊದಲೇ ಮುದ್ದೆಯ ಪಾತ್ರೆಗಳಿಗೂ ಕೋಲಿಗೂ ತಣ್ಣೀರು ಹಾಕಿ ನೆನೆಯಲು ಬಿಡಬೇಕು. ಒಣಗಿದ ರಾಗಿ ಉಜ್ಜಿದರೂ ಬಿಡುವುದಿಲ್ಲ. ಉಳಿದ ಅನ್ನ, ಪಲ್ಯ, ಸಾರನ್ನು ಹರಟೆ ಮುಗಿಯುವ ತನಕ ಹೊರಗಿಡದೆ, ಇಳಿಸಿದ ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗಳಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬೆಚ್ಚಗಿನ ಅನ್ನ ರಾತ್ರಿಯಿಡೀ ಹೊರಗಿದ್ದರೆ ಮತ್ತೆ ಬಿಸಿ ಮಾಡಿದರೂ ಹೊಟ್ಟೆ ಕೆಡಿಸಬಲ್ಲದು. ಬಸ್ಸಾರು ಮಾರನೆಯ ದಿನ ಇನ್ನೂ ರುಚಿಯಾಗಿರುತ್ತದೆ, ಅದನ್ನು ಹಂಚಿಕೊಳ್ಳಲು ಡಬ್ಬಿ ತರುವಂತೆ ಮೊದಲೇ ಹೇಳಿದ್ದರೆ ಒಳ್ಳೆಯದು. ಖರ್ಚಿನ ಲೆಕ್ಕವನ್ನು, ಸಿಲಿಂಡರಿನ ಪಾಲನ್ನೂ ಸೇರಿಸಿ, ಎಲ್ಲರೂ ಹೊರಡುವ ಮೊದಲೇ ಮುಗಿಸಿಬಿಡಿ.